ಕಾಟು ಮಾವಿನೊಳಗೆ ಹುಳ ಹೋದ ದಾರಿ

ಕೇಳುಗರಿಗೆ ನಮಸ್ಕಾರ.

ಮೇ ತಿಂಗಳ ಕೊನೆಗೆ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಬೆಳಿಗ್ಗೆ ಬೇಗ ಎದ್ದು ಕಾಟು ಮಾವಿನ ಮರದ ಬುಡಕ್ಕೆ ಹೋದರೆ ಬುಟ್ಟಿ ತುಂಬ ಹಣ್ಣು ಸಿಗುತ್ತದೆ. ನಾನು ಸಣ್ಣವಳಿದ್ದಾಗ ಅದನ್ನು ಹೆಕ್ಕಿ ತರುವುದು ನನ್ನ ಕೆಲಸ. ಮಾಂಬಳಕ್ಕೆ, ಅಂದರೆ ಒಣಗಿಸಿಡುವ ಮಾವಿನ ರಸಕ್ಕೆ, ಹಣ್ಣು ಹಿಂಡುವುದು ಅಜ್ಜಿಯ ಕೆಲಸ. ಅಜ್ಜಿ ಯಾವ ಹಣ್ಣನ್ನೂ ಹಾಗೇ ಹಿಂಡುತ್ತಿರಲಿಲ್ಲ. ಸಿಪ್ಪೆ ಸುಲಿದು, ಜಗಲಿಯ ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ ನೋಡಿ, ಆಮೇಲೆ ಪಾತ್ರೆಗೆ. ಹುಳ ಇದ್ದದ್ದು ಬದಿಯಲ್ಲಿದ್ದ ಅಡಿಕೆ ಹಾಳೆಗೆ.

ನನಗೆ ಆ ಹಾಳೆಯೇ ಇಷ್ಟ. ಹಣ್ಣಿನಿಂದ ಹೊರಗೆ ಬಂದ ಬಿಳಿ ಹುಳ ಸ್ವಲ್ಪ ದೂರ ತೆವಳುತ್ತಿತ್ತು. ಆಮೇಲೆ ತಲೆಯನ್ನು ಬಾಲಕ್ಕೆ ತಾಗಿಸಿ ಉಂಗುರದ ಹಾಗೆ ಬಾಗುತ್ತಿತ್ತು. ಒಂದು ಕ್ಷಣ ಹಾಗೇ ಇದ್ದು, ಪಟ್ಟನೆ ಬಿಟ್ಟು ಹಾರುತ್ತಿತ್ತು. ಕಾಲಿಲ್ಲದ, ರೆಕ್ಕೆ ಇಲ್ಲದ ಹುಳ ಒಂದು ಗೇಣು ಆಚೆ ಹೋಗಿ ಬೀಳುತ್ತಿತ್ತು. 'ಹಣ್ಣಿಗೆ ತೂತೇ ಇಲ್ವಲ್ಲ ಅಜ್ಜೀ, ಇದು ಒಳಗೆ ಹೇಗೆ ಹೋಯಿತು?' ಅಂತ ಕೇಳಿದ್ದೆ. ಅಜ್ಜಿ ಕೈಕೆಲಸ ನಿಲ್ಲಿಸದೆ ಹೇಳಿದ್ದರು: 'ಮಳೆ ಬಂದ ಮತ್ತೆ ಹುಳು ಆವ್ತು ಕೂಸೇ.'

ಆ ಉತ್ತರ ನನಗೆ ಸಾಕಾಗಲಿಲ್ಲ. ತುಂಬ ವರ್ಷಗಳ ಮೇಲೆ, ನಾನೇ ಹಾಗಲಕಾಯಿ, ಪೇರಳೆ ಬೆಳೆಯಲು ತೊಡಗಿದ ಮೇಲೆ, ಅದೇ ಪ್ರಶ್ನೆ ಮತ್ತೆ ಎದುರಿಗೆ ಬಂತು. ಇವತ್ತು ಅದನ್ನೇ ನಿಮ್ಮ ಜೊತೆ ಮಾತಾಡುತ್ತೇನೆ.

ಆ ಹುಳ ಹಣ್ಣು ನೊಣದ ಮರಿ. ಗೊರಟಿನ ಒಳಗೆ ಕೂತಿರುವ ಕಪ್ಪು ಓಡು ಹುಳದ ಕಥೆ ಬೇರೆ, ಅದನ್ನು ಇಲ್ಲಿ ಸೇರಿಸುವುದಿಲ್ಲ. ಅಡುಗೆಮನೆಯಲ್ಲಿ ಕಳಿತ ಬಾಳೆಹಣ್ಣಿಗೆ ಮುತ್ತುವ ಸಾಸಿವೆ ಕಾಳಿನಷ್ಟು ನೊಣವೂ ಇದಲ್ಲ. ಹಣ್ಣು ನೊಣ ಮನೆ ನೊಣಕ್ಕಿಂತ ಸ್ವಲ್ಪ ಉದ್ದ. ಸೊಂಟ ಸಪೂರ. ಮೈಮೇಲೆ ಹಳದಿ ಪಟ್ಟೆ ಇರುವುದರಿಂದ ಕಣಜ ಅಂತ ಹೆದರಿ ಕೈ ಬೀಸುವವರೂ ಇದ್ದಾರೆ. ಮಾವಿಗೆ ಬರುವ ಮುಖ್ಯ ನೊಣಕ್ಕೆ ವಿಜ್ಞಾನದ ಹೆಸರು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್. 1912ರಲ್ಲಿ ಈ ಹೆಸರಿನ ಮೊದಲ ವಿವರಣೆ ಬಂತು. ಮಾವು, ಪೇರಳೆ, ಪಪ್ಪಾಯಿ, ಚಿಕ್ಕು, ಜಂಬುನೇರಳೆ, ಹೀಗೆ 300ಕ್ಕೂ ಹೆಚ್ಚು ಜಾತಿಯ ಗಿಡಮರಗಳ ಹಣ್ಣಿನಲ್ಲಿ ಇದರ ಮರಿ ಬೆಳೆಯಬಲ್ಲದು. ಹಾಗಲ, ಪಡುವಲ, ಹೀರೆ, ಸೌತೆಗೆ ಬರುವುದು ಇದರ ನೆಂಟ, ಇನ್ನೊಂದು ಜಾತಿ.

ಈಗ ಒಂದು ವಿಷಯ ಗಮನಿಸಿ. ಈ ಮರಿಗೆ ಒಂದು ಹಣ್ಣಿನಿಂದ ಇನ್ನೊಂದು ಹಣ್ಣಿಗೆ ಹೋಗಲು ಆಗುವುದಿಲ್ಲ. ಹುಟ್ಟಿದ ಹಣ್ಣೇ ಅದರ ಮನೆ, ಅದೇ ಊಟ. ಹಣ್ಣು ಕಹಿಯಾದರೂ, ಗಟ್ಟಿಯಾದರೂ, ಒಳಗೆ ಆಗಲೇ ಇನ್ನೊಂದರ ಮರಿಗಳು ತುಂಬಿದ್ದರೂ ಅಲ್ಲೇ ಬದುಕಬೇಕು, ಇಲ್ಲಾಂದ್ರೆ ಅಲ್ಲೇ ಸಾಯಬೇಕು. ಹಣ್ಣನ್ನು ಆರಿಸುವ ಕೆಲಸ ಪೂರ್ತಿ ತಾಯಿಯದ್ದು. ಅದಕ್ಕೇ ಆ ತಾಯಿ ಹಣ್ಣನ್ನು ಪರೀಕ್ಷೆ ಮಾಡುವ ರೀತಿ ಅಷ್ಟು ನಾಜೂಕು.

ನಾನು ಇದನ್ನು ಕಣ್ಣಾರೆ ನೋಡಿದ್ದು ನಮ್ಮ ಬಾವಿಕಟ್ಟೆಯ ಹತ್ತಿರ ಇರುವ ಪೇರಳೆ ಮರದಲ್ಲಿ. ಮಧ್ಯಾಹ್ನ ಊಟ ಆಗಿ ಪಾತ್ರೆ ತೊಳೆಯಲು ಹೋಗಿದ್ದೆ. ಹಸಿರು ಬಿಟ್ಟು ಹಳದಿಗೆ ತಿರುಗುತ್ತಿದ್ದ ಒಂದು ಹಣ್ಣಿನ ಮೇಲೆ ನೊಣ ಬಂದು ಕೂತಿತು. ಸುಮ್ನೆ ಕೂರಲಿಲ್ಲ. ನಡೆಯಿತು. ನಾಲ್ಕು ಹೆಜ್ಜೆ, ನಿಲ್ಲುವುದು, ತಲೆ ತಗ್ಗಿಸಿ ಸಿಪ್ಪೆಯನ್ನು ಮುಟ್ಟುವುದು. ಮತ್ತೆ ನಾಲ್ಕು ಹೆಜ್ಜೆ. ಹಣ್ಣಿನ ಒಂದು ಸುತ್ತು ಬಂದು, ತೊಟ್ಟಿನ ಕಡೆ ಹೋಗಿ, ಇಳಿದು ಬಂದು, ನೆರಳಿನ ಬದಿಯಲ್ಲಿ ನಿಂತಿತು. ಆಗ ಹೊಟ್ಟೆಯ ತುದಿಯನ್ನು ಕೆಳಗೆ ಬಾಗಿಸಿತು. ಒಂದು ಸೂಜಿ ಹೊರಗೆ ಬಂದು ಸಿಪ್ಪೆಗೆ ಇಳಿಯಿತು. ನೊಣ ಅಲುಗಾಡದೆ ನಿಂತಿತ್ತು. ನಾನೂ ಕೈಯಲ್ಲಿ ಸೌಟು ಹಿಡಿದುಕೊಂಡು ಅಲುಗಾಡದೆ ನಿಂತಿದ್ದೆ. ಅದು ಹಾರಿ ಹೋದ ಮೇಲೆ ಹಣ್ಣು ಕೊಯ್ದು ಬ್ಲೇಡಿನಲ್ಲಿ ಆ ಜಾಗ ಸೀಳಿ ನೋಡಿದೆ. ಸಿಪ್ಪೆಯ ಅಡಿಯಲ್ಲಿ ಬಿಳಿ ಮೊಟ್ಟೆಗಳ ಒಂದು ಸಣ್ಣ ಗೊಂಚಲು. ಒಂದೊಂದೂ ಸುಮಾರು ಒಂದು ಮಿಲಿಮೀಟರ್ ಉದ್ದ, ಸ್ವಲ್ಪ ಬಾಗಿದ್ದು, ಬಾಳೆಕಾಯಿಯ ಆಕಾರ. ಹೊರಗಡೆ ಗುಂಡುಪಿನ್ನು ತಾಗಿದ ಹಾಗೆ ಒಂದು ಚುಕ್ಕೆ, ಅಷ್ಟೇ. ಗಮನಿಸಿ ನೋಡದಿದ್ದರೆ ಆ ಚುಕ್ಕೆಯೂ ಕಾಣಿಸುವುದಿಲ್ಲ. ಸಣ್ಣವಳಿದ್ದಾಗ ನನಗೆ ತೂತು ಕಾಣದೆ ಇದ್ದದ್ದು ಇದಕ್ಕೇ.

ನೊಣಕ್ಕೆ ಹಣ್ಣು ಎಲ್ಲಿದೆ ಅಂತ ಗೊತ್ತಾಗುವುದು ಮೊದಲು ವಾಸನೆಯಿಂದ. ಮಾವು ಹಣ್ಣಾಗುವಾಗ ಅದರಿಂದ ಬೇರೆ ಬೇರೆ ವಾಸನೆಗಳು ಹೊರಡುತ್ತವೆ. ನಮ್ಮ ಮೂಗಿಗೆ ಅವೆಲ್ಲ ಸೇರಿ 'ಮಾವಿನ ಪರಿಮಳ' ಅಷ್ಟೇ. ನೊಣದ ಮೀಸೆಗೆ ಹಾಗಲ್ಲ, ಒಂದೊಂದೂ ಬೇರೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಕೆಲಸ ಇದರ ಬಗ್ಗೆಯೇ. ಮಾವಿನ ವಾಸನೆಯಲ್ಲಿ ತಾಯಿ ನೊಣವನ್ನು ಮೊಟ್ಟೆ ಇಡುವಂತೆ ಮಾಡುವುದು ಯಾವುದು ಅಂತ ಅವರು ಹುಡುಕಿದರು. ಹಾಗೆ ಸಿಕ್ಕಿದ್ದರಲ್ಲಿ ಒಂದು ಗ್ಯಾಮಾ ಆಕ್ಟಲಾಕ್ಟೋನ್. ಈ ಹೆಸರು ನಾಲಿಗೆಗೆ ಕಷ್ಟ. ಆದರೆ ಅದರ ವಾಸನೆ ನಮಗೆ ಹೊಸದಲ್ಲ, ಹೆಚ್ಚುಕಮ್ಮಿ ತೆಂಗಿನಕಾಯಿಯದ್ದೇ. ಹಣ್ಣೇ ಇಲ್ಲದ ಕಡೆ ಈ ವಾಸನೆ ಇಟ್ಟರೂ ಹೊಟ್ಟೆಯಲ್ಲಿ ಮೊಟ್ಟೆ ಇರುವ ನೊಣ ಅಲ್ಲಿ ಮೊಟ್ಟೆ ಇಡುತ್ತದೆ. ಅಂದರೆ ಹಣ್ಣಿನ ಗುರುತು ಅದಕ್ಕೆ ಅಷ್ಟು ಗಟ್ಟಿಯಾಗಿ ವಾಸನೆಯಲ್ಲೇ ಇದೆ.

ಹತ್ತಿರ ಬಂದ ಮೇಲೆ ಕಣ್ಣಿನ ಕೆಲಸ. ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಅಮೆರಿಕದ ಸೇಬಿನ ನೊಣ. ಅಲ್ಲಿನ ಪ್ರೊಕೊಪಿ ಎಂಬ ಕೀಟ ವಿಜ್ಞಾನಿ 1960ರ ದಶಕದಲ್ಲಿ ಅಂಟು ಬಳಿದ ಕೆಂಪು ಉಂಡೆಗಳನ್ನು ಸೇಬಿನ ಮರದಲ್ಲಿ ತೂಗಿಬಿಟ್ಟರು. ವಾಸನೆ ಇಲ್ಲ, ರಸ ಇಲ್ಲ, ಬರೀ ಉಂಡೆ. ನೊಣಗಳು ಬಂದು ಅಂಟಿಕೊಂಡವು. ಎಲೆಯ ನಡುವೆ ಗುಂಡಗೆ, ಗಾಢ ಬಣ್ಣದಲ್ಲಿ ಕಂಡದ್ದು ಹಣ್ಣು ಅಂತ ಅವುಗಳ ಲೆಕ್ಕ. ನಮ್ಮ ಮಾವಿನ ನೊಣಕ್ಕೆ ಹಳದಿ ಬಣ್ಣ ಇಷ್ಟ. ಅಂಗಡಿಯಲ್ಲಿ ಸಿಗುವ ಬಲೆಗಳಲ್ಲಿ ಹಳದಿ ಜಾಸ್ತಿ ಇರುವುದಕ್ಕೆ ಇದೇ ಕಾರಣ.

ಕೂತ ಮೇಲೆ ಕಾಲು. ನೊಣಕ್ಕೆ ಕಾಲಿನ ತುದಿಯಲ್ಲಿ ರುಚಿ ಗೊತ್ತಾಗುತ್ತದೆ. ನಾನು ಪೇರಳೆಯ ಮೇಲೆ ಕಂಡ ಆ ನಡಿಗೆ ಅದೇ, ಹಣ್ಣನ್ನು ಕಾಲಿನಲ್ಲಿ ರುಚಿ ನೋಡುವುದು. ಕೊನೆಯ ಪರೀಕ್ಷೆ ಸೂಜಿಯದ್ದು. ಆ ಸೂಜಿಯ ತುದಿಯಲ್ಲೂ ಮುಟ್ಟಿ ತಿಳಿಯುವ ಸಣ್ಣ ರೋಮಗಳಿವೆ. ಇಳಿಸಿ ನೋಡಿ, ಸರಿ ಇಲ್ಲ ಅಂದರೆ ಮೊಟ್ಟೆ ಇಡದೆ ಎತ್ತಿಕೊಂಡು ಹೋಗುವುದೂ ಇದೆ. ಅಲ್ಲಿಯವರೆಗೆ ಬಂದು ಬೇಡ ಅನ್ನುವುದು ನನಗೆ ಇವತ್ತಿಗೂ ಆಶ್ಚರ್ಯ.

ಬೇಡ ಅನ್ನಿಸುವುದು ಯಾಕೆ? ಹಣ್ಣೂ ಸುಮ್ಮನೆ ಕೂತಿರುವುದಿಲ್ಲ, ಅದಕ್ಕೆ. ಉಪ್ಪಿನಕಾಯಿಗೆ ಮಾವಿನ ಮಿಡಿ ಕೊಯ್ದವರಿಗೆ ಸೊನೆ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ತೊಟ್ಟು ಮುರಿದ ಕೂಡಲೇ ಚಿಮ್ಮುತ್ತದೆ. ಕೈಗೆ ತಾಗಿದರೆ ಸುಟ್ಟ ಹಾಗೆ ಕಲೆ. ಆ ಸೊನೆ ತೊಟ್ಟಿನಲ್ಲಿ ಮಾತ್ರ ಇರುವುದಲ್ಲ. ಮಾವಿನ ಸಿಪ್ಪೆಯ ಉದ್ದಕ್ಕೂ ಸಣ್ಣ ಸಣ್ಣ ನಾಳಗಳಿವೆ, ಅದರಲ್ಲಿ ಸೊನೆ ಒತ್ತಡದಲ್ಲಿ ತುಂಬಿರುತ್ತದೆ. ಬಲಿಯದ ಕಾಯಿಗೆ ನೊಣ ಸೂಜಿ ಇಳಿಸಿದರೆ ನಾಳ ಒಡೆದು ಸೊನೆ ನುಗ್ಗುತ್ತದೆ. ಮೊಟ್ಟೆ ಅದರಲ್ಲೇ ಹಾಳಾಗುತ್ತದೆ. 1980ರಲ್ಲೇ ಇದನ್ನು ಮಾವಿನ ಕಾವಲು ವ್ಯವಸ್ಥೆ ಅಂತ ಒಬ್ಬ ವಿಜ್ಞಾನಿ ವಿವರಿಸಿದ್ದಾರೆ. ಕಾಯಿ ಹಣ್ಣಾಗುತ್ತಾ ಬಂದ ಹಾಗೆ ಸೊನೆಯ ಬಲ ಕಡಿಮೆಯಾಗುತ್ತದೆ, ಸಿಪ್ಪೆ ಮೆದುವಾಗುತ್ತದೆ, ವಾಸನೆ ಹೊರಡುತ್ತದೆ. ನೊಣ ಕಾಯುವುದು ಆ ಹೊತ್ತನ್ನೇ. ನಾವು ಕಾಯುವುದೂ ಅದನ್ನೇ ಅಲ್ವಾ.

ನಿಂಬೆ, ಕಿತ್ತಳೆ ಜಾತಿಯ ಕಾವಲು ಸಿಪ್ಪೆಯ ಎಣ್ಣೆ. ಕಿತ್ತಳೆ ಸಿಪ್ಪೆಯನ್ನು ಬೆಂಕಿಯ ಹತ್ತಿರ ಹಿಂಡಿದರೆ ಚಟಪಟ ಉರಿಯುತ್ತದಲ್ಲ, ಅದೇ ಎಣ್ಣೆ. ಅದರಲ್ಲಿ ಸಿಕ್ಕಿದ ಮೊಟ್ಟೆ, ಮರಿ ಬದುಕುವುದು ಕಷ್ಟ. ಬಲಿತರೂ ಹಸಿರಾಗಿರುವ ಬಾಳೆಕಾಯಿಯ ಕಾವಲು ಅದರ ಮಯಣ, ಅಂದರೆ ಸಿಪ್ಪೆಯಿಂದ ಒಸರುವ ಅಂಟು. ಬಾಳೆಗೊನೆಗೆ ಈ ನೊಣದ ಕಾಟ ಅಷ್ಟಾಗಿ ಇಲ್ಲದ್ದು ಅದಕ್ಕೆ.

ಆದರೆ ಸಿಪ್ಪೆಗೆ ಒಂದು ಗಾಯ ಆಯಿತು ಅಂತಿಟ್ಟುಕೊಳ್ಳಿ. ಹಕ್ಕಿ ಕುಕ್ಕಿದ್ದು, ಕೊಂಬೆ ಉಜ್ಜಿದ್ದು, ನಾವೇ ದೋಟಿಯಲ್ಲಿ ಗೀರಿದ್ದು. ಕಾವಲು ಅಲ್ಲಿಗೆ ಮುಗಿಯಿತು. ಮೆಡಿಟರೇನಿಯನ್ ಹಣ್ಣು ನೊಣದ ಮೇಲೆ ಮಾಡಿದ ಪರೀಕ್ಷೆಗಳಲ್ಲಿ, ಇನ್ನೊಂದು ನೊಣ ಚುಚ್ಚಿದ ತೂತನ್ನೇ ಹುಡುಕಿ ಮೊಟ್ಟೆ ಇಡುವುದು ಕಂಡಿದೆ. ಹೊಸದಾಗಿ ಕೊರೆಯುವ ಶ್ರಮ ಉಳಿಯಿತು. ಇದಕ್ಕೆ ಪೂರ್ತಿ ವಿರುದ್ಧ ನಾನು ಆಗಲೇ ಹೇಳಿದ ಸೇಬಿನ ನೊಣ. ಅದು ಮೊಟ್ಟೆ ಇಟ್ಟ ಮೇಲೆ ಸೂಜಿಯನ್ನು ಹಣ್ಣಿನ ಮೇಲೆ ಎಳೆಯುತ್ತಾ ಒಂದು ಸುತ್ತು ಬರುತ್ತದೆ. ಎಳೆದಲ್ಲೆಲ್ಲ ಒಂದು ರಸ ಬಿಡುತ್ತದೆ. ಆಮೇಲೆ ಬಂದ ನೊಣ ಕಾಲಿಟ್ಟ ಕೂಡಲೇ ಅದರ ರುಚಿ ತಿಳಿದು, 'ಇಲ್ಲಿ ಆಗಲೇ ಆಳು ಇದ್ದಾರೆ' ಅಂತ ಬೇರೆ ಹಣ್ಣಿಗೆ ಹೋಗುತ್ತದೆ.

ಈ ಸೇಬಿನ ನೊಣದ ಇನ್ನೊಂದು ವಿಷಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಅಮೆರಿಕದಲ್ಲಿ ಮೊದಲು ನಾವು ತಿನ್ನುವ ಜಾತಿಯ ಸೇಬು ಇರಲಿಲ್ಲ. ಯುರೋಪಿನಿಂದ ಹೋದವರು ಕೊಂಡುಹೋದದ್ದು. ಈ ನೊಣ ಅಲ್ಲಿನ ಹಾಥಾರ್ನ್ ಎಂಬ ಮುಳ್ಳಿನ ಮರದ ಸಣ್ಣ ಕೆಂಪು ಹಣ್ಣಿನಲ್ಲಿ ಮೊಟ್ಟೆ ಇಡುತ್ತಿತ್ತು. 1800ರ ದಶಕದ ಮಧ್ಯಭಾಗದಲ್ಲಿ ಹಡ್ಸನ್ ನದಿಯ ಕಣಿವೆಯ ಕಡೆ ಸೇಬಿನಲ್ಲಿ ಹುಳ ಕಾಣಿಸಿತು. 1867ರಲ್ಲಿ ಬೆಂಜಮಿನ್ ವಾಲ್ಶ್ ಎಂಬವರು, ಹಾಥಾರ್ನಿನ ನೊಣಗಳಲ್ಲೇ ಕೆಲವು ಸೇಬಿಗೆ ಬಂದಿವೆ, ಹೀಗೆ ಹೋದರೆ ಇವು ಬೇರೆಯೇ ಜಾತಿ ಆದೀತು ಅಂತ ಬರೆದರು. ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ವಂಶವಾಹಿ ನೋಡಿದಾಗ ಎರಡು ಗುಂಪುಗಳಲ್ಲಿ ನಿಜಕ್ಕೂ ವ್ಯತ್ಯಾಸ ಕಂಡಿತು. ಸೇಬು ಮೂರು ನಾಲ್ಕು ವಾರ ಮೊದಲು ಹಣ್ಣಾಗುತ್ತದೆ, ಆ ನೊಣಗಳೂ ಮೊದಲೇ ಏಳುತ್ತವೆ. ಮದುವೆ ಆಗುವುದು ತಮ್ಮ ತಮ್ಮ ಹಣ್ಣಿನ ಮೇಲೆಯೇ. ಯಾವುದೋ ಕಾಲದಲ್ಲಿ ಕೆಲವು ತಾಯಂದಿರು ಬೇರೆ ಹಣ್ಣು ಆರಿಸಿದ್ದರಿಂದ ಎರಡು ಬಳಗ ಆಯಿತು.

ಈಗ ನಮ್ಮ ಚಪ್ಪರಕ್ಕೆ ಬರೋಣ. ಕೆಲವು ವರ್ಷಗಳ ಹಿಂದೆ ನನ್ನ ಹಾಗಲದ ಬೆಳೆ ಪೂರ್ತಿ ಕೈಬಿಟ್ಟಿತ್ತು. ಮಿಡಿ ಬೆರಳುದ್ದ ಆಗುವಾಗಲೇ ಸೊಟ್ಟಗಾಗಿ, ಹಳದಿಯಾಗಿ, ಕೊಳೆತು ಬೀಳುತ್ತಿತ್ತು. ತುಳಸಿ ಕಟ್ಟಿ ನೋಡಿ ಅಂತ ಯಾರೋ ಹೇಳಿದರು. ತೆಂಗಿನಕಾಯಿಯ ಗೆರಟೆಯಲ್ಲಿ ತುಳಸಿ ಎಲೆ ಜಜ್ಜಿ ಹಾಕಿ, ಸ್ವಲ್ಪ ಬೆಲ್ಲದ ನೀರು ಬಿಟ್ಟು, ಚಪ್ಪರದ ನಾಲ್ಕು ಮೂಲೆಗೂ ತೂಗಿಬಿಟ್ಟೆ. ಮರುದಿನ ನೋಡಿದರೆ ಗೆರಟೆಯಲ್ಲಿ ನೊಣಗಳು ತೇಲುತ್ತಿದ್ದವು. ಎಷ್ಟು ಖುಷಿ ಆಗಿತ್ತು! ಆದರೆ ಮಿಡಿ ಬೀಳುವುದು ನಿಲ್ಲಲಿಲ್ಲ. ವಾರ ಕಳೆಯಿತು, ಗೆರಟೆ ತುಂಬುತ್ತಾ ಹೋಯಿತು, ಹಾಗಲಕಾಯಿ ಮಾತ್ರ ಒಂದೂ ಉಳಿಯಲಿಲ್ಲ.

ಕಾರಣ ಗೊತ್ತಾದದ್ದು ಆಮೇಲೆ. ತುಳಸಿಯಲ್ಲಿ ಮೀಥೈಲ್ ಯೂಜಿನಾಲ್ ಎಂಬ ಒಂದು ಪದಾರ್ಥ ಇದೆ. ಮಾವಿನ ನೊಣದ ಗಂಡುಗಳಿಗೆ ಅದರ ಹುಚ್ಚು. ಅದನ್ನು ತಿಂದು, ಮೈಯಲ್ಲಿ ಬದಲಾಯಿಸಿ, ಹೆಣ್ಣನ್ನು ಕರೆಯುವ ಪರಿಮಳ ಮಾಡಿಕೊಳ್ಳುತ್ತವೆ. ಇದು ಬೆಳಕಿಗೆ ಬಂದದ್ದೂ ನಮ್ಮ ದೇಶದಲ್ಲೇ. ಬಿಹಾರದ ಪೂಸಾದಲ್ಲಿದ್ದ ಹೌಲೆಟ್ ಎಂಬ ಕೀಟ ವಿಜ್ಞಾನಿಯ ನೆರೆಯವರು ಸೊಳ್ಳೆ ಬಾರದಿರಲಿ ಅಂತ ಕರವಸ್ತ್ರಕ್ಕೆ ಸಿಟ್ರೊನೆಲ್ಲಾ ಎಣ್ಣೆ ಹಚ್ಚಿಕೊಂಡಿದ್ದರಂತೆ. ಅದಕ್ಕೆ ಹಣ್ಣು ನೊಣಗಳು ಮುತ್ತಿದವು. ಹೌಲೆಟ್ 1912ರಲ್ಲಿ ಅದನ್ನು ಬರೆದರು. ಮೂರು ವರ್ಷ ಕಳೆದು, ಎಣ್ಣೆಯಲ್ಲಿ ನೊಣವನ್ನು ಕರೆಯುವುದು ಮೀಥೈಲ್ ಯೂಜಿನಾಲ್ ಅಂತ ತಿಳಿಸಿದರು.

ನನ್ನ ಗೆರಟೆಗೆ ಬಿದ್ದದ್ದು ಆಚೆ ತೋಟದ ಮಾವಿನ ನೊಣದ ಗಂಡುಗಳು. ಹಾಗಲದ ನೊಣಕ್ಕೆ ತುಳಸಿ ಬೇಡವೇ ಬೇಡ. ಅದರ ಗಂಡು ಬರುವುದು ಕ್ಯೂ ಲ್ಯೂರ್ ಎಂಬ ಬೇರೆ ವಾಸನೆಗೆ. ಹೆಣ್ಣು ಬರುವುದು ಸೌತೆ ಬಳಗದ ಎಳೆ ಕಾಯಿಯ ವಾಸನೆಗೆ. ಆಗ ತಾನೇ ಹೆಚ್ಚಿದ ಮುಳ್ಳುಸೌತೆಯ ತಂಪು ಪರಿಮಳ ಇದೆಯಲ್ಲ, ಅದು. ಮಾವಿನ ನೊಣಕ್ಕೆ ಹಣ್ಣಾಗುತ್ತಾ ಬಂದದ್ದು ಬೇಕು, ಇದಕ್ಕೆ ಎಳತು ಬೇಕು. ಎಷ್ಟು ಎಳತು ಅಂದರೆ ಕುಂಬಳದ ಹೂವಿಗೂ ಮೊಟ್ಟೆ ಇಡುತ್ತದೆ.

ಇಷ್ಟು ತಿಳಿದ ಮೇಲೆ ನನ್ನ ಕೆಲಸದ ಸಮಯ ಬದಲಾಯಿತು. ಮೊದಲು ಹಾಗಲ ಸ್ವಲ್ಪ ದಪ್ಪ ಆಗಲಿ, ಮತ್ತೆ ಕಟ್ಟಿದರಾಯಿತು ಅಂತ ಇರುತ್ತಿದ್ದೆ. ದಪ್ಪ ಆಗುವಾಗ ಮೊಟ್ಟೆ ಆಗಲೇ ಒಳಗೆ. ಈಗ ಹೂ ಬಾಡಿದ ಕೂಡಲೇ ಮಿಡಿಗೆ ಚೀಲ. ಹಳೆ ಸೀರೆಯ ತೆಳು ಬಟ್ಟೆಯಲ್ಲಿ ಹೊಲಿದದ್ದು, ತೊಟ್ಟಿನ ಹತ್ತಿರ ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟುವುದು. ಪ್ಲಾಸ್ಟಿಕ್ ತೊಟ್ಟೆ ಕಟ್ಟಬೇಡಿ, ಒಳಗೆ ಬೆವತು ಕೊಳೆಯುತ್ತದೆ. ಪೇರಳೆಗೆ ಅಷ್ಟು ಅವಸರ ಇಲ್ಲ, ಹಸಿರು ಬಣ್ಣ ತಿರುಗುವ ಮೊದಲು ಕಟ್ಟಿದರೆ ಸಾಕು. ತುಳಸಿ ಗೆರಟೆ ಈಗ ಮಾವಿನ ಬುಡದಲ್ಲಿದೆ, ಅದರ ಜಾಗ ಅದೇ.

ಮದ್ದು ಸಿಂಪಡಿಸಿದರೆ ಆಗದಾ ಅಂತ ಕೇಳುವವರಿದ್ದಾರೆ. ಮೊಟ್ಟೆಯೂ ಮರಿಯೂ ಹಣ್ಣಿನ ಒಳಗೆ, ಮೇಲೆ ಬಿಟ್ಟ ಮದ್ದು ಅದಕ್ಕೆ ಮುಟ್ಟುವುದು ಕಷ್ಟ. ಇನ್ನೊಂದು ಮಾತು. ಎಣ್ಮಕಜೆ, ಪಡ್ರೆಯಂಥ ಊರುಗಳ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ನೋಡಿದ ಜಿಲ್ಲೆಯವಳು ನಾನು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಮದ್ದನ್ನೇ ದೇಶದಲ್ಲೆಲ್ಲ ನಿಲ್ಲಿಸಿತು. ಆದರೆ ಮಲಗಿದಲ್ಲೇ ಬೆಳೆದ ಮಕ್ಕಳು, ಅವರನ್ನು ಎತ್ತಿ ಎತ್ತಿ ಸೊಂಟ ಹೋದ ಅಮ್ಮಂದಿರು ನಮ್ಮ ನಡುವೆ ಇದ್ದಾರೆ. ನನ್ನ ಅಂಗಳದಲ್ಲಿ ಒಂದು ಕೀಟವನ್ನು ತಡೆಯಬೇಕಾದರೆ ಮೊದಲು ಅದರ ದಾರಿ ಯಾವುದು ಅಂತ ತಿಳಿಯಬೇಕು ಅನ್ನುವ ಹಠ ನನಗೆ ಬಂದದ್ದು ಅಲ್ಲಿಂದ.

ದಾರಿಯ ಕೊನೆಯ ತುಂಡು ಮಣ್ಣಿನಲ್ಲಿದೆ. ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ. ಮರಿ ಹೆಚ್ಚುಕಮ್ಮಿ ಒಂದು ವಾರ ಹಣ್ಣು ತಿನ್ನುತ್ತದೆ. ಆಮೇಲೆ ಹೊರಗೆ ಬಂದು, ಹಾರಿ ಹಾರಿ ಮೆದು ಮಣ್ಣು ಹುಡುಕಿ, ಎರಡು ಮೂರು ಬೆರಳು ಆಳಕ್ಕೆ ಇಳಿದು ಕೋಶ ಕಟ್ಟುತ್ತದೆ. ಅಜ್ಜಿಯ ಹಾಳೆಯ ಮೇಲೆ ಆ ಹುಳಗಳು ಅಷ್ಟು ಅವಸರ ಮಾಡುತ್ತಿದ್ದದ್ದು ಮಣ್ಣಿಗಾಗಿ. ಒಣಗಿ ಕಲ್ಲಾದ ಮಣ್ಣಿಗಿಂತ ಒದ್ದೆ ಮಣ್ಣು ಅವುಗಳಿಗೆ ಒಳ್ಳೆಯದು. ಮೊದಲ ಮಳೆ ಬೀಳುವಾಗ ಮರದ ಬುಡದಲ್ಲಿ ಹಣ್ಣೂ ರಾಶಿ. ಮಳೆ ಬಂದ ಮೇಲೆ ಹುಳ ಆಗುತ್ತದೆ ಅಂತ ಅಜ್ಜಿ ಹೇಳಿದ್ದರಲ್ಲಿ ಅವರು ಕಣ್ಣಾರೆ ಕಂಡ ಸತ್ಯ ಇತ್ತು. ನಡುವೆ ಒಂದು ನೊಣ ಇದೆ ಅನ್ನುವುದಷ್ಟೇ ಬಿಟ್ಟುಹೋಗಿತ್ತು.

ಹಾಗಾಗಿ ಬಿದ್ದ ಹಣ್ಣನ್ನು ಮರದ ಬುಡದಲ್ಲಿ ಬಿಡಬೇಡಿ. ಗೊಬ್ಬರದ ಗುಂಡಿಗೆ ಸುಮ್ನೆ ಎಸೆಯಬೇಡಿ, ಅಲ್ಲೂ ಮಣ್ಣೇ. ಗಟ್ಟಿ ತೊಟ್ಟೆಗೆ ಹಾಕಿ ಬಾಯಿ ಬಿಗಿದು ಒಂದು ವಾರ ಬಿಸಿಲಿನಲ್ಲಿಡಿ. ಒಳಗಿನ ಮರಿಗಳು ಬೇಯುತ್ತವೆ. ಮಳೆಗಾಲದಲ್ಲಿ ಬಿಸಿಲು ಇಲ್ಲದಿದ್ದರೆ ಬಕೆಟಿನ ನೀರಿನಲ್ಲಿ ಪೂರ್ತಿ ಮುಳುಗಿಸಿ, ಮೇಲೆ ಕಲ್ಲು ಹೇರಿ ಮುಚ್ಚಿಡಿ. ನಾನು ಇದನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಡುತ್ತೇನೆ. ನೊಣಕ್ಕೆ ಬೇಲಿ ಗೊತ್ತಿಲ್ಲ, ಒಂದು ಮನೆಯವರು ಮಾಡಿದರೆ ಸಾಕಾಗುವುದಿಲ್ಲ. ಈಗ ನಮ್ಮ ಸುತ್ತಿನ ಮನೆಗಳವರೂ ಹೆಕ್ಕುತ್ತಾರೆ. ಮಕ್ಕಳಿಗೆ ಅದೊಂದು ಆಟ.

ಮೊನ್ನೆ ಮಧ್ಯಾಹ್ನ ಮತ್ತೆ ಬಾವಿಕಟ್ಟೆಯ ಹತ್ತಿರ ನಿಂತಿದ್ದೆ. ಪೇರಳೆಗೆ ಕಟ್ಟಿದ ಬಟ್ಟೆಯ ಮೇಲೆ ಒಂದು ನೊಣ ಬಂದು ಕೂತಿತು. ನಾಲ್ಕು ಹೆಜ್ಜೆ ನಡೆದು ತಲೆ ತಗ್ಗಿಸಿ ಮುಟ್ಟಿತು. ಒಂದು ಸುತ್ತು ಬಂತು. ಹೊಟ್ಟೆ ಬಾಗಿಸಿ ಸೂಜಿ ಇಳಿಸಲು ನೋಡಿತು, ಆಗಲಿಲ್ಲ. ಇನ್ನೂ ಒಂದು ಸುತ್ತು ಬಂದು, ಗಂಟು ಕಟ್ಟಿದ ಜಾಗದಲ್ಲಿ ತುಂಬ ಹೊತ್ತು ನಿಂತು, ಮತ್ತೆ ಎದ್ದು ಜಂಬುನೇರಳೆ ಮರದ ಕಡೆ ಹಾರಿತು. ಆ ಮರ ಎತ್ತರ, ಅದರ ಹಣ್ಣಿಗೆ ಚೀಲ ಕಟ್ಟಲು ನನ್ನಿಂದ ಆಗುವುದಿಲ್ಲ. ಅದರ ಅಡಿಯಲ್ಲಿ ಅಡಿಕೆ ಹೆಕ್ಕುವ ಹಳೆ ಬಲೆ ಹಾಸಿದ್ದೇನೆ. ಸಂಜೆ ಬಕೆಟ್ ಹಿಡಿದು ಅಲ್ಲಿಗೆ ಹೋಗಬೇಕು.

ನಮಸ್ಕಾರ.